ಇವತ್ತು ಬೆಳಿಗ್ಗೆ ಬಂದದ್ದು

ಮನೆಯಿಂದ,
ತಾರೀಖು ಹದಿನೇಳು, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಯ್ಯಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಲಿಫ್ಟುಗಳ ಬಾವಿಯೊಳಗೆ ಬಗ್ಗಿ ಬಗ್ಗಿ ಕೆಲಸ ಮಾಡಿ, ಇನ್ನೂ ತಲೆಗೂದಲು ಕಪ್ಪಗಿರುವಾಗಲೇ ಮುದುಕರ ಹಾಗೆ ಗೋಡೆ ಹಿಡಿದು ಏಳುತ್ತಿದ್ದೆ. ಮುಲಾಮು ಹಚ್ಚುತ್ತೀಯೋ, ಅದನ್ನೂ ಬಿಟ್ಟಿದ್ದೀಯೋ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಅಥವಾ ಮೊದಲಿನ ಹಾಗೆ ಚಹಾ ಕುಡಿದೇ ಹೊಟ್ಟೆಗೆ ಸಮಾಧಾನ ಹೇಳುತ್ತೀಯೋ? ಕೇಳಿದ್ದಕ್ಕೆ ಉತ್ತರ ಬರುತ್ತದೆಂದು ಕಾಯುವ ಅಭ್ಯಾಸ ನನಗೆ ತಪ್ಪಿಹೋಗಿದೆ. ಆದರೂ ಕೇಳುತ್ತೇನೆ, ಅಕ್ಕನಾದವಳು ಕೇಳದೆ ಇರಲಾದೀತೇ.

ಈ ಕಾಗದವನ್ನು ನಿನ್ನ ಹಳೆಯ ಕಂಪನಿಯ ಹಿರಿಯ ಮೆಕ್ಯಾನಿಕ್ಕರ ಕೈಗೆ ಕೊಡುತ್ತಿದ್ದೇನೆ. ನೀನು ಅಲ್ಲಿ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತೆಂದು ನನಗೂ ಗೊತ್ತು, ಅವರಿಗೂ ಗೊತ್ತು. "ನಮ್ಮ ಕಸುಬಿನೋರು ಒಂದಲ್ಲ ಒಂದು ಕಟ್ಟಡದಲ್ಲಿ ಎದುರಾಗೇ ಆಗ್ತಾರಮ್ಮ, ಕೊಡಿ, ನೋಡೋಣ" ಎಂದರು. ನಿನ್ನ ಹಳೆಯ ನಂಬರಿಗೆ ಕರೆ ಮಾಡಿದರೆ ಈಗ ಯಾರೋ ಹೆಂಗಸು ಎತ್ತುತ್ತಾಳೆ. ಮೊದಲೆರಡು ಸಲ ಸಿಡುಕಿದಳು. ಈಗೀಗ ಅವಳೇ ನನ್ನ ಯೋಗಕ್ಷೇಮ ವಿಚಾರಿಸುತ್ತಾಳೆ, "ಇನ್ನೂ ಸಿಗಲಿಲ್ವಾ ನಿಮ್ಮ ತಮ್ಮ?" ಅನ್ನುತ್ತಾಳೆ. ನಿನ್ನ ದೆಸೆಯಿಂದ ನನಗೊಬ್ಬಳು ಗೆಳತಿ ಸಿಕ್ಕಿದಳು ಎಂದುಕೋ.

ಅಮ್ಮ ಆರೋಗ್ಯವಾಗಿದ್ದಾಳೆ. ಹಸಿವು ಚೆನ್ನಾಗಿದೆ, ಕಾಲು ಗಟ್ಟಿಯಿದೆ, ಕಣ್ಣು ಮಾತ್ರ ಇನ್ನಷ್ಟು ಮಂಜಾಗಿದೆ. ಮರೆವು ನೀನು ಹೋದಾಗ ಎಷ್ಟಿತ್ತೋ ಅದಕ್ಕಿಂತ ಹೆಚ್ಚಾಗಿದೆ. ನನ್ನನ್ನು ಒಮ್ಮೆ ಮಗಳು ಅನ್ನುತ್ತಾಳೆ, ಒಮ್ಮೆ ತನ್ನ ತಂಗಿ ಅನ್ನುತ್ತಾಳೆ, ಸಿಟ್ಟು ಬಂದರೆ ಕಳ್ಳಿ ಅನ್ನುತ್ತಾಳೆ. ಅವತ್ತು ಸಂಜೆ ನೀನು ಗ್ರೀಸು ಮೆತ್ತಿದ ಬಟ್ಟೆಯಲ್ಲೇ ಒಳಗೆ ಬಂದಾಗ ಗುರುತು ಸಿಗದೆ ಕಳ್ಳ ಕಳ್ಳ ಎಂದು ಕೂಗಿ ಬೀದಿಯನ್ನೇ ಸೇರಿಸಿಬಿಟ್ಟಳಲ್ಲ, ಅಷ್ಟಕ್ಕೇ ನಿನ್ನ ಎದೆ ಒಡೆಯಿತು. ಬೇರೆ ಊರಿನ ಕೆಲಸ ಹಿಡಿದು ಹೊರಟೇಬಿಟ್ಟೆ. ನನಗೆ ವಾರಕ್ಕೊಮ್ಮೆ ಆ ಬಿರುದು ಸಿಗುತ್ತದೆ, ನಾನೆಲ್ಲಿಗೆ ಹೋಗಲಿ ಹೇಳು? ಈ ವಿಷಯದಲ್ಲಿ ನನಗೆ ನಿನ್ನ ಮೇಲೆ ಕೋಪವಿತ್ತು. ಈಗಲೂ ಇದೆ. ಕಾಗದದಲ್ಲಿ ಬೈದರೆ ನೀನು ಎದುರು ಕೂತು ಸೊಟ್ಟ ಮೋರೆ ಮಾಡುವುದು ಕಾಣಿಸುವುದಿಲ್ಲ, ಅದಕ್ಕೇ ಅಷ್ಟು ಹಿತವಾಗುವುದಿಲ್ಲ.

ಹೋಗುವ ಮುಂಚೆ ನೀನು ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ ಆ ಮಾತಾಡುವ ಪೆಟ್ಟಿಗೆ. ಹಳೆಯ ಕಂಪ್ಯೂಟರಿಗೆ ಅದನ್ನು ಜೋಡಿಸಿ, ನೀನು ಫೋನಿನಲ್ಲಿ ಮಾತಾಡಿ ಕಳಿಸಿದ್ದು ತಾನಾಗಿ ಬಂದು ಒಂದು ಫೋಲ್ಡರಿನಲ್ಲಿ ಬೀಳುವಂತೆ ಮಾಡಿದ್ದೆ. ಅಮ್ಮ ಕೆಂಪು ಗುಂಡಿ ಒತ್ತಿದರೆ ಸಾಕು, ಪೆಟ್ಟಿಗೆ ಫೈಲುಗಳ ತಾರೀಖು ನೋಡಿ ಎಲ್ಲಕ್ಕಿಂತ ಹೊಸದನ್ನು ಆರಿಸುತ್ತದೆ, ಅದು ಯಾವಾಗ ಬಂದದ್ದೆಂದು ಮೊದಲು ಹೇಳುತ್ತದೆ, ಆಮೇಲೆ ನಿನ್ನ ದನಿ ಕೇಳಿಸುತ್ತದೆ. ದಾರಿ ಮಾತ್ರ ಒಂದೇ ಕಡೆಯದು. ನೀನು ಕಳಿಸಬಹುದು, ನಾವು ಏನೂ ಕಳಿಸಲಾಗದು. ಆಗ ಅದು ನಮಗೆ ತೋಚಲೂ ಇಲ್ಲ, ಫೋನ್ ಇತ್ತಲ್ಲ.

ಶುರುವಿನಲ್ಲಿ ದಿನ ಬಿಟ್ಟು ದಿನ ಕಳಿಸುತ್ತಿದ್ದೆ. ಪೆಟ್ಟಿಗೆ "ಇವತ್ತು ಬೆಳಿಗ್ಗೆ ಬಂದದ್ದು" ಎಂದರೆ ಅಮ್ಮನ ಮುಖ ಅರಳುತ್ತಿತ್ತು. ಆಮೇಲೆ ವಾರಕ್ಕೊಂದಾಯಿತು, ತಿಂಗಳಿಗೊಂದಾಯಿತು, ನಿಂತೇಹೋಯಿತು. ಪೆಟ್ಟಿಗೆಗೆ ಕನಿಕರವೆಂಬುದಿಲ್ಲ. "ಆರು ತಿಂಗಳ ಹಿಂದೆ ಬಂದದ್ದು" ಎಂದಿತು, "ಒಂದು ವರ್ಷದ ಹಿಂದೆ ಬಂದದ್ದು" ಎಂದಿತು. ಅಮ್ಮನಿಗೆ ನಿನ್ನೆ ಕೇಳಿದ್ದು ಇವತ್ತು ನೆನಪಿರುವುದಿಲ್ಲವಾದ್ದರಿಂದ ಪ್ರತಿ ಬೆಳಿಗ್ಗೆಯೂ ಅದು ಅವಳಿಗೆ ಹೊಸ ಸುದ್ದಿ. "ಒಂದು ವರ್ಷದಿಂದ ನನ್ನ ಮಗ ಮಾತೇ ಆಡಿಲ್ವಾ? ಯಾಕೆ ನನಗೆ ಹೇಳ್ಲಿಲ್ಲ? ಏನಾಗಿದೆ ಅವನಿಗೆ?" ಎಂದು ಅಳುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮರೆಯುತ್ತಿದ್ದಳು. ಮಾರನೆಯ ದಿನ ಮತ್ತೆ ಗುಂಡಿ, ಮತ್ತೆ ಅದೇ ಸುದ್ದಿ, ಮತ್ತೆ ಮೊದಲಿನಿಂದ ಅದೇ ಅಳು. ಗುಂಡಿಯನ್ನು ಬಚ್ಚಿಟ್ಟರೆ ಗೋಡೆಯ ಮೇಲೆಲ್ಲ ಕೈಯಾಡಿಸಿ ಹುಡುಕುತ್ತಿದ್ದಳು. ಅದನ್ನು ನೋಡುವುದು ನನ್ನಿಂದಾಗುತ್ತಿರಲಿಲ್ಲ.

ನನ್ನ ಕೆಲಸ ನಿನಗೆ ಗೊತ್ತೇ ಇದೆ, ನೀರು ಸರಬರಾಜು ಕಚೇರಿಯ ನೆಲಮಾಳಿಗೆಯಲ್ಲಿ ಹಳೆಯ ಪೈಪುಗಳ ನಕ್ಷೆಗಳನ್ನು ಸ್ಕ್ಯಾನ್ ಮಾಡುವುದು. ಒಂದೇ ಬೀದಿಗೆ ಹತ್ತು ನಕ್ಷೆಗಳಿರುತ್ತವೆ. ಅಜ್ಜನ ಕಾಲದ್ದೊಂದು, ಅಪ್ಪನ ಕಾಲದ್ದೊಂದು, ಮೊನ್ನೆ ಅಗೆದಾಗಿನದೊಂದು. ಆದರೆ ಕಂಪ್ಯೂಟರಿಗೆ ಎಲ್ಲವೂ ಸ್ಕ್ಯಾನ್ ಮಾಡಿದ ದಿನವೇ ಹುಟ್ಟಿದ ಮಕ್ಕಳು. ಯಾವುದು ಹಳೆಯದೆಂದು ಗೊತ್ತಾಗದೆ ಅಗೆಯುವವರು ಇಲ್ಲದ ಪೈಪಿಗೆ ನೆಲ ತೋಡಿದ್ದೂ ಉಂಟು. ಅದಕ್ಕಾಗಿ ನಮ್ಮ ಕಂಪ್ಯೂಟರ್ ರಿಪೇರಿಯವರು ಒಂದು ಸ್ಕ್ರಿಪ್ಟ್ ಬರೆದುಕೊಟ್ಟರು. ಸ್ಕ್ರಿಪ್ಟ್ ಅಂದರೆ ಏನಿಲ್ಲ, ಕಂಪ್ಯೂಟರಿಗೆ ಬರೆದಿಟ್ಟ ನಾಲ್ಕು ಸಾಲಿನ ಅಪ್ಪಣೆ. ಕಾಗದದ ಮೂಲೆಯಲ್ಲಿ ಬರೆದಿರುವ ತಾರೀಖನ್ನು ನಾನು ಫೈಲಿನ ಹೆಸರಿನಲ್ಲಿ ಹಾಕಿದರೆ, ಅದು ಒಂದೊಂದಾಗಿ ಎಲ್ಲ ಫೈಲುಗಳ ತಾರೀಖನ್ನೂ ತಿದ್ದುತ್ತಾ ಹೋಗುತ್ತದೆ. ಕೈಯಲ್ಲಿ ಮಾಡಿದ್ದರೆ ನಾನು ನಿವೃತ್ತಿಯಾಗುತ್ತಿದ್ದೆ, ಅದು ಚಹಾ ತಣ್ಣಗಾಗುವಷ್ಟರಲ್ಲಿ ಮುಗಿಸುತ್ತದೆ. ಈ ರಿಪೇರಿ ಮಹಾಶಯರಿಗೆ ನಾವಿಟ್ಟ ಹೆಸರು ಗೊಣಗಪ್ಪ. ಕೆಲಸ ಕೊಟ್ಟರೂ ಗೊಣಗುತ್ತಾರೆ, ಕೊಡದಿದ್ದರೂ ಗೊಣಗುತ್ತಾರೆ. ಮನಸ್ಸು ಮಾತ್ರ ಬೆಣ್ಣೆ.

ಒಂದು ದಿನ ಅವರ ಮುಂದೆ ಅಮ್ಮನ ವಿಷಯ ಹೇಳಿ ಕಣ್ಣೀರು ಹಾಕಿಬಿಟ್ಟೆ. ಗೊಣಗುತ್ತಲೇ ಮನೆಗೆ ಬಂದರು, ಗೊಣಗುತ್ತಲೇ ಕೂತು ಬರೆದರು. ಅಂದಿನಿಂದ ನಮ್ಮ ಮನೆಯ ಕಂಪ್ಯೂಟರು ಬೆಳಗಾಗುವ ಮುಂಚೆ ತಾನೇ ಎದ್ದು, ಫೋಲ್ಡರಿನಲ್ಲಿರುವ ನಿನ್ನ ದನಿಗಳಲ್ಲಿ ಮನಸ್ಸಿಗೆ ಬಂದದ್ದೊಂದನ್ನು ಆರಿಸಿ ಅದಕ್ಕೆ ಇವತ್ತಿನ ತಾರೀಖು ಹಾಕುತ್ತದೆ. ಮಿಕ್ಕ ಎಲ್ಲವಕ್ಕೂ ಯಾವುದೋ ಹಳೆಯ ತಾರೀಖು ಹಚ್ಚಿ ಹಿಂದಕ್ಕೆ ತಳ್ಳುತ್ತದೆ. ಅಮ್ಮ ಗುಂಡಿ ಒತ್ತುತ್ತಾಳೆ, ಪೆಟ್ಟಿಗೆ "ಇವತ್ತು ಬೆಳಿಗ್ಗೆ ಬಂದದ್ದು" ಅನ್ನುತ್ತದೆ, ನೀನು ಮಾತಾಡುತ್ತೀಯ. ಅಳು ನಿಂತುಹೋಯಿತು. ಇದು ಮೋಸ ಎನ್ನುವವರು ಒಂದು ವಾರ ಬಂದು ಅಮ್ಮನ ಪಕ್ಕ ಕೂತು ಆಮೇಲೆ ಹೇಳಲಿ.

ತಮಾಷೆಯೂ ಆಗುತ್ತಿತ್ತು. ನಿನ್ನ ಒಂದು ದನಿಯಲ್ಲಿ ಜೋರು ನೆಗಡಿ ಇದೆಯಲ್ಲ, ಮಾತಿಗೊಮ್ಮೆ ಸೀನು. ಅದು ಬಂದ ದಿನ ಅಮ್ಮ, ಎಂಥ ಸುಡುಬಿಸಿಲಿದ್ದರೂ ನಿನಗೆ ಉಣ್ಣೆಯ ಟೋಪಿ ಕಳಿಸೆಂದು ಹಟ ಹಿಡಿಯುತ್ತಾಳೆ. ಕೆಮ್ಮಿನ ಔಷಧಿಯ ಸೀಸೆಗಳು ಒಂದು ಗೂಡು ತುಂಬ ಆಗಿವೆ, ಅಂಗಡಿಯವನು ನನ್ನನ್ನು ಅನುಮಾನದಿಂದ ನೋಡುತ್ತಾನೆ. ಎದುರುಮನೆಯ ಟೀಚರಮ್ಮ ಕಿಟಕಿಯಿಂದ ಕೇಳಿಸಿಕೊಂಡು, "ಏನ್ರೀ ನಿಮ್ಮ ತಮ್ಮನಿಗೆ, ನೆಗಡಿ ಬಿಡೋದೇ ಇಲ್ವಲ್ಲ, ಒಳ್ಳೇ ಡಾಕ್ಟರಿಗೆ ತೋರಿಸಬಾರದಾ?" ಎಂದು ಕೇಳಿದರು. ತೋರಿಸ್ತಿದೀವಿ ಎಂದೆ.

ನನ್ನ ವಿಷಯ ಹೇಳುವುದಾದರೆ ಹೇಳುವಂಥದ್ದೇನಿಲ್ಲ. ಬೆಳಿಗ್ಗೆ ಅಮ್ಮನನ್ನು ನೋಡಿಕೊಳ್ಳುವ ಆಯಾ ಬಂದ ಮೇಲೆ ಕಚೇರಿಗೆ ಹೋಗುತ್ತೇನೆ, ಸಂಜೆ ಅವಳು ಹೊರಡುವುದರೊಳಗೆ ಬರುತ್ತೇನೆ. ನೆಲಮಾಳಿಗೆಯಲ್ಲಿ ನಾನು ಮತ್ತು ನಕ್ಷೆಗಳು. ಮನೆಯಲ್ಲಿ ನಾನು ಮತ್ತು ನಾನು ಯಾರೆಂದು ಕೇಳುವ ಅಮ್ಮ. ಇಡೀ ದಿನದಲ್ಲಿ ನನ್ನನ್ನು ಅಕ್ಕಾ ಎಂದು ಕರೆಯುವುದು ಆ ಪೆಟ್ಟಿಗೆಯೊಂದೇ. ಒಂದು ದನಿಯಲ್ಲಿ ಲಿಫ್ಟಿನ ಗಡಗಡ ಸದ್ದಿನ ನಡುವೆ, "ಅಕ್ಕಾ, ನೀನೂ ಕೇಳ್ತಿದೀಯಾ, ಇಲ್ಲಾ ಒಳಗೆ ಪಾತ್ರೆ ಕುಕ್ತಾ ಇದೀಯಾ?" ಅನ್ನುತ್ತೀಯ. ಅದು ಬಂದ ದಿನ ಅಡುಗೆಮನೆಯಿಂದಲೇ "ಕೇಳ್ತಿದೀನಿ ಕಣೋ" ಅನ್ನುತ್ತೇನೆ. ನೀನು ಯಾವಾಗಲೋ ಆಡಿದ ಮಾತಿಗೆ ಉತ್ತರ ಕೊಟ್ಟು ಏನು ಪ್ರಯೋಜನವೆಂದು ನನಗೂ ಗೊತ್ತು, ಆದರೂ ಬಾಯಿ ಕೇಳುವುದಿಲ್ಲ. ನಿನ್ನ ಎಲ್ಲ ದನಿಗಳೂ ನನಗೆ ಬಾಯಿಪಾಠವಾಗಿವೆ, ಎಲ್ಲಿ ಉಸಿರೆಳೆಯುತ್ತೀಯ, ಎಲ್ಲಿ ಯಾರೋ ಕರೆದರೆಂದು ಅರ್ಧಕ್ಕೆ ನಿಲ್ಲಿಸುತ್ತೀಯ, ಎಲ್ಲವೂ.

ಈಗ ನಡೆದದ್ದನ್ನು ಹೇಳುತ್ತೇನೆ, ಸಮಾಧಾನದಿಂದ ಓದು.

ಹೋದ ತಿಂಗಳು ಒಂದು ದಿನ ರಜೆ ಹಾಕಿದ್ದೆ. ಬೆಳಿಗ್ಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ. ಅಮ್ಮ ಗುಂಡಿ ಒತ್ತಿದಳು, ಪೆಟ್ಟಿಗೆ ಎಂದಿನಂತೆ "ಇವತ್ತು ಬೆಳಿಗ್ಗೆ ಬಂದದ್ದು" ಎಂದಿತು. ನಿನ್ನ ದನಿ ಬಂತು. ಆದರೆ ಆ ಮಾತುಗಳನ್ನು ನಾನು ಯಾವತ್ತೂ ಕೇಳಿರಲಿಲ್ಲ. "ಅಮ್ಮಾ, ಅಕ್ಕಾ, ನಾನು. ಎಷ್ಟು ಕಾಲ ಆಯ್ತು, ಯಾವ ಮುಖ ಇಟ್ಕೊಂಡು ಮಾತಾಡ್ಲಿ ಅಂತ ಸುಮ್ನಿದ್ದೆ. ಈ ಭಾನುವಾರ ಬೆಳಗಿನ ಬಸ್ಸಿಗೆ ಬರ್ತೀನಿ. ಅಕ್ಕಾ, ನೀನು ಸ್ಟ್ಯಾಂಡಿಗೆ ಬಂದ್ರೆ ಮನೆಗೆ ಬರ್ತೀನಿ. ಬರ್ಲಿಲ್ಲ ಅಂದ್ರೆ ನಿನ್ನ ಸಿಟ್ಟು ಇಳಿದಿಲ್ಲ ಅಂತ ತಿಳ್ಕೊಂಡು ಅದೇ ಬಸ್ಸಲ್ಲಿ ವಾಪಸ್ ಹೋಗ್ತೀನಿ. ಬೇಜಾರಿಲ್ಲ." ಅಷ್ಟೇ. ಇಸ್ತ್ರಿಪೆಟ್ಟಿಗೆ ಕೈಯಲ್ಲಿ ಹಾಗೇ ನಿಂತಿತು, ದಿಂಬಿನ ಚೀಲ ಸುಟ್ಟು ವಾಸನೆ ಬಂದಾಗಲೇ ಎಚ್ಚರವಾದದ್ದು.

ಮೊದಲು ಸಂತೋಷದಿಂದ ಕಾಲು ನೆಲಕ್ಕೆ ತಾಗಲಿಲ್ಲ. ಇವತ್ತು ಬೆಳಿಗ್ಗೆ ಬಂದದ್ದು ಎಂದಿತಲ್ಲ, ಹಾಗಾದರೆ ಬರುವ ಭಾನುವಾರವೇ. ಕೂತು ಒಂದು ಲೋಟ ನೀರು ಕುಡಿದ ಮೇಲೆ ತಲೆ ಓಡಿತು. ಇವತ್ತಿನ ತಾರೀಖು ಹಾಕಿದ್ದು ನೀನಲ್ಲ, ನಮ್ಮ ಸ್ಕ್ರಿಪ್ಟು. ನೀನು ಕಳಿಸಿದ್ದು ಯಾವಾಗಲೋ ಬಂದು ಫೋಲ್ಡರಿಗೆ ಬಿದ್ದಿದೆ. ಅದು ಬಂದ ಮಾರನೆಯ ಬೆಳಿಗ್ಗೆಯೇ ಸ್ಕ್ರಿಪ್ಟು ಅದನ್ನೂ ಹಳೆಯದರ ಸಾಲಿಗೆ ಸೇರಿಸಿ, ಅದರ ನಿಜವಾದ ತಾರೀಖನ್ನು ಒರೆಸಿ, ಮೇಲೆ ಬೇರೆಯದನ್ನು ಬರೆದುಬಿಟ್ಟಿದೆ. ಫೈಲಿನ ಹೆಸರಿನಲ್ಲಿ ಬರೀ ಅಂಕಿ, ತಾರೀಖಿಲ್ಲ. ಮಾತಿನಲ್ಲಿ "ಈ ಭಾನುವಾರ". ಯಾವ ಭಾನುವಾರ, ತಮ್ಮಯ್ಯಾ?

ಗೊಣಗಪ್ಪನವರ ಹತ್ತಿರ ಓಡಿದೆ. ಅರ್ಧ ದಿನ ಕೂತು ಏನೇನೋ ಕೆದಕಿದರು. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಎಲ್ಲಾ ಕಡೆ ತಾರೀಖು ಹೊಸದಾಗಿ ಬರೀಲಿ ಅಂತ ನಾನೇ ಮಾಡಿದ್ದಲ್ವಾ. ಒಂದೇ ಒಂದು ಕಡೆ ಹಳೇದನ್ನ ಉಳಿಸಿಡು ಅಂತ ಹೇಳಿದ್ರೆ ಆಗಿತ್ತು. ಹೊಸದು ಬರಬಹುದು ಅಂತ ನಮಗಿಬ್ಬರಿಗೂ ಹೊಳೀಲೇ ಇಲ್ಲ ನೋಡಿ" ಎಂದರು. ಅವರು ಗೊಣಗದೆ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರು ಹೇಳಿದ್ದು ನಿಜ. ಅಮ್ಮ ದಿನಾ ನಿನಗಾಗಿ ಗುಂಡಿ ಒತ್ತುತ್ತಿದ್ದಳು. ನಾನು ಮಾತ್ರ ನೀನು ಇನ್ನು ಮಾತಾಡುವುದಿಲ್ಲವೆಂದು ತೀರ್ಮಾನಿಸಿ ಕೂತಿದ್ದೆ.

ಆಯಾಳನ್ನು ಕೇಳಿದೆ, ಈ ಮಾತನ್ನು ಮೊದಲು ಕೇಳಿದ್ದೀಯಾ ಎಂದು. "ಅದೆಲ್ಲಾ ಒಂದೇ ಥರ ಕೇಳ್ಸುತ್ತೆ ಮೇಡಂ. ಆದ್ರೆ ಅಜ್ಜಿ ನನ್ನ ಮಗ ಭಾನುವಾರ ಬರ್ತಾನೆ ಅಂತ ಎರಡು ಮೂರು ಸಲ ಹೇಳಿದ್ರು, ನಾನು ಹೂಂ ಅಂದೆ" ಎಂದಳು. ಆಗ ನನಗೆ ನೆನಪಾಯಿತು. ಚಳಿ ಶುರುವಾದ ಹೊಸತರಲ್ಲಿ ಒಂದು ಭಾನುವಾರ, ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕಿ ಒಳಗೆ ಬಂದಾಗ ಅಮ್ಮ ಚಪ್ಪಲಿ ಮೆಟ್ಟಿ, ಒಳ್ಳೆಯ ಶಾಲು ಹೊದ್ದು, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದಳು. "ಏಳು, ಬಸ್ ಸ್ಟ್ಯಾಂಡಿಗೆ ಹೋಗ್ಬೇಕು, ಅವನು ಬರ್ತಾನೆ" ಎಂದಳು. ಹೂಂ ಅಮ್ಮಾ, ಆಮೇಲೆ ಹೋಗೋಣ ಎಂದು ಸಮಾಧಾನ ಮಾಡಿ, ಚಪ್ಪಲಿ ಬಿಚ್ಚಿಸಿ, ಶಾಲು ಮಡಿಸಿ ಒಳಗಿಟ್ಟೆ. ಅವಳ ಮರೆವಿನ ಬಡಬಡಿಕೆಯಲ್ಲಿ ಅದೂ ಒಂದು ಎಂದುಕೊಂಡೆ. ನೀನು ಬಂದದ್ದು ಅವತ್ತೇ ಇರಬೇಕು. ಅಥವಾ ಅದಕ್ಕೂ ಮೊದಲೋ, ನನಗೆ ಗೊತ್ತಾಗುವ ದಾರಿಯೇ ಇಲ್ಲ. ನೀನು ಬಸ್ಸಿನಿಂದ ಇಳಿದು ನಿಂತದ್ದು, ಎಲ್ಲರನ್ನೂ ಕರೆದುಕೊಂಡು ಹೋಗಲು ಯಾರಾದರೂ ಬಂದಿದ್ದು, ನಿನಗೆ ಮಾತ್ರ ಯಾರೂ ಇಲ್ಲದ್ದು, ಇದೇ ಕಣ್ಣ ಮುಂದೆ ಬರುತ್ತದೆ.

ಸ್ಟ್ಯಾಂಡಿಗೆ ಹೋಗಿ ಟಿಕೆಟ್ ಕೊಡುವವರನ್ನು ವಿಚಾರಿಸಿದೆ, ಇಳಿದವನು ಅದೇ ಬಸ್ಸಿಗೆ ಟಿಕೆಟ್ ತೆಗೆದುಕೊಂಡು ಹೋದದ್ದು ನೆನಪಿದೆಯಾ ಎಂದು. ಕಿಂಡಿಯಿಂದ ತಲೆಯೆತ್ತಿ, "ಹಂಗೆ ಹೋಗೋರು ಬೇಕಾದಷ್ಟು ಜನ ಇರ್ತಾರಮ್ಮ" ಎಂದರು. ಅದನ್ನು ಕೇಳಿ ಇನ್ನಷ್ಟು ಸಂಕಟವಾಯಿತು. ಅಂದಿನಿಂದ ಪ್ರತಿ ಭಾನುವಾರ ಅಲ್ಲಿಗೆ ಹೋಗುತ್ತಿದ್ದೇನೆ. ಭಾನುವಾರ ಆಯಾಳಿಗೆ ರಜೆಯಾದ್ದರಿಂದ ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ. ಬೆಳಗಿನ ಬಸ್ಸು ಬಂದು ಖಾಲಿಯಾಗಿ, ಗುಡಿಸುವವಳು ಒಳಗೆ ಹತ್ತುವವರೆಗೂ ನಿಲ್ಲುತ್ತೇವೆ. ಇವತ್ತೂ ಅಲ್ಲಿಂದಲೇ ಬಂದು, ಅಮ್ಮನಿಗೆ ಊಟ ಕೊಟ್ಟು ಮಲಗಿಸಿ, ಇದನ್ನು ಬರೆಯುತ್ತಿದ್ದೇನೆ.

ಸ್ಕ್ರಿಪ್ಟನ್ನು ನಿಲ್ಲಿಸಿಲ್ಲ. ನಿಲ್ಲಿಸಿದರೆ ಅಮ್ಮನ ಅಳು ಮತ್ತೆ ಶುರುವಾಗುತ್ತದೆ. ಆದರೆ ಗೊಣಗಪ್ಪನವರು ಅದನ್ನು ತಿದ್ದಿದ್ದಾರೆ. ಇನ್ನು ಮುಂದೆ ನಿನ್ನಿಂದ ಏನು ಬಂದರೂ ಅದು ಬಂದ ದಿನ, ಬಂದ ಹೊತ್ತು ಹಾಗೇ ಇರುತ್ತದೆ, ಅದನ್ನು ಯಾರೂ ಮುಟ್ಟುವುದಿಲ್ಲ, ನನ್ನ ಫೋನೂ ಕೂಗಿ ಹೇಳುತ್ತದೆ. ಹಾಗಾಗಿ ಕಳಿಸು. ಮಾತಾಡಲು ಮನಸ್ಸಿಲ್ಲದಿದ್ದರೆ ಸುಮ್ಮನೆ ಒಮ್ಮೆ ಸೀನಿ ಕಳಿಸು, ಔಷಧಿ ಮನೆಯಲ್ಲಿ ಬೇಕಾದಷ್ಟಿದೆ. ಇಲ್ಲವೇ ನೀನೇ ಬಾ. ಅಮ್ಮ ನಿನ್ನ ಗುರುತು ಹಿಡಿಯುತ್ತಾಳೆಂದು ನಾನು ಮಾತು ಕೊಡಲಾರೆ. ಆದರೆ ದನಿಯನ್ನು ಗುರುತಿಸುತ್ತಾಳೆ, ಬಾಗಿಲಲ್ಲಿ ನಿಂತು ಮೊದಲು ಮಾತಾಡಿಬಿಡು. ಬಟ್ಟೆಗೆ ಗ್ರೀಸು ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಅವಳ ದೇಹ ಗಟ್ಟಿಯಾಗಿರುವಾಗಲೇ ಒಮ್ಮೆ ಬಂದು ಹೋಗು. ಅಮ್ಮನಿಗಾಗಿ ಬಾ.

ಟೀಚರಮ್ಮ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಗೊಣಗಪ್ಪನವರು ಏನೂ ಹೇಳಿಲ್ಲ, ಆದರೆ ದಿನಾ ಬೆಳಿಗ್ಗೆ ಏನಾದರೂ ಬಂತಾ ಎಂದು ಕೇಳುತ್ತಾರೆ. ಅಮ್ಮನ ಆಶೀರ್ವಾದ, ಅವಳಿಗೆ ನೆನಪಿದ್ದರೂ ಇಲ್ಲದಿದ್ದರೂ, ನಿನ್ನ ತಲೆಯ ಮೇಲೆ ಇದ್ದೇ ಇದೆ. ನನ್ನದೂ ಇದೆ, ಜೊತೆಗೆ ಕೂಡಿಟ್ಟ ಬೈಗುಳವೂ ಇದೆ, ಬಂದಾಗ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವೆಯಂತೆ. ಮೈ ಬಗ್ಗೆ ಜೋಪಾನ.

ನಿನ್ನ ಪ್ರೀತಿಯ,
ಅಕ್ಕ

ಮತ್ತೆ ಬರೆದದ್ದು: ಲಕೋಟೆ ಅಂಟಿಸಲು ಹೊರಟವಳು ಮತ್ತೆ ಕಾಗದ ಬಿಡಿಸಿದೆ. ಮೆಕ್ಯಾನಿಕ್ಕರ ಡ್ಯೂಟಿ ಮುಗಿಯುವುದರೊಳಗೆ ಕೊಡಬೇಕು, ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ. ಸ್ಟ್ಯಾಂಡಿನಲ್ಲಿ ಅಮ್ಮ ಹೇಗಿರುತ್ತಾಳೆಂದು ನಿನಗೆ ಹೇಳಲಿಲ್ಲ. ಅವಳಿಗೆ ಪ್ರತಿ ಭಾನುವಾರವೂ ಮೊದಲನೆಯ ಭಾನುವಾರವೇ. ಇವತ್ತು ನಮ್ಮ ಹುಡುಗ ಬರ್ತಾನೆ ಎಂದು ಪಕ್ಕದಲ್ಲಿ ಕೂತವರಿಗೆಲ್ಲ ಹೇಳುತ್ತಾಳೆ, ಬಸ್ಸು ಖಾಲಿಯಾದರೆ "ಇನ್ನೊಂದರಲ್ಲಿ ಇರ್ತಾನೆ ಬಿಡು" ಅನ್ನುತ್ತಾಳೆ, ಮನೆಗೆ ಬರುವಷ್ಟರಲ್ಲಿ ಎಲ್ಲಿಗೆ ಹೋಗಿದ್ದೆವೆಂಬುದೇ ಮರೆತಿರುತ್ತದೆ. ನೀನು ಬರದೇ ಹೋದರೂ ಅವಳಿಗೆ ಏನೂ ಆಗುವುದಿಲ್ಲ. ಅಮ್ಮನಿಗಾಗಿ ಬಾ ಎಂದು ಮೇಲೆ ಬರೆದದ್ದನ್ನು ನಂಬಬೇಡ. ಬಸ್ಸು ಖಾಲಿಯಾಗಿದ್ದು ಪ್ರತಿ ಸಲವೂ ನೆನಪಿರುವುದು ನನಗೊಬ್ಬಳಿಗೇ. ನನಗಾಗಿ ಬಾರೋ.